ಹುಣಸೀಗಿಡದ ಪಾಲು

ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಬಸಗೊಂಡಪ್ಪನಿಗೆ ಎರಡು ಚಟಗಳಿದ್ದವು. ಒಂದು ನಶ್ಯ, ಇನ್ನೊಂದು ಮನೆತನದ ಬಡಾಯಿ. ನಶ್ಯವನ್ನು ಹೆಂಡತಿ ಬಾಳವ್ವ ಬೈದು ಬೈದು ಅರ್ಧಕ್ಕೆ ಇಳಿಸಿದ್ದಳು. ಬಡಾಯಿ ಅವಳಿಗೂ ಬಗ್ಗಲಿಲ್ಲ. ಅಂಗಡಿಗೆ ಬಂದ ಗಿರಾಕಿ ಕಾಯಿ ಮುರಿದು ಖಾರ ನೋಡುವಷ್ಟರಲ್ಲಿ ಶುರುವಾಗುತ್ತಿತ್ತು: "ಇಚಲಕರಂಜಿ ಸಿದ್ರಾಮ ಪಾಟೀಲರು ಗೊತ್ತೇನ್ರಿ, ಮಗ್ಗದ ಸಾವಕಾರ್ರು? ನಾವೂ ಅವರೂ ಒಂದ ಮನೆತನ. ಖಾಸ ಅಣ್ಣತಮ್ಮಕಿ."

ಈ ಅಣ್ಣತಮ್ಮಕಿ ಹುಟ್ಟಿದ ಬಗೆ ಅವನಿಗೂ ಹೆಳವರ ಸಿದ್ದರಾಯನಿಗೂ ಮಾತ್ರ ಗೊತ್ತು. ಹೆಳವರೆಂದರೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಬಾಗಿಲಲ್ಲಿ ನಿಂತು ಆ ಮನೆಯ ವಂಶಾವಳಿ ಹೇಳಿ, ಕಾಳು ಇಸಿದುಕೊಂಡು ಹೋಗುವವರು. ಹಿಂದೆ ಒಂದು ವರ್ಷ ಸಿದ್ದರಾಯ ಬಾಯಿ ತೆರೆಯುವ ಮೊದಲೇ ಬಸಗೊಂಡಪ್ಪ ಅವನನ್ನು ಹಿತ್ತಲಿಗೆ ಕರೆದೊಯ್ದು, ಹಾಲು ಕರೆಯುವ ಆಕಳಿನ ಹಗ್ಗ ಕೈಗಿಟ್ಟು, "ಮ್ಯಾಲಿನ ತಲಿಯೊಳಗ ಎಲ್ಲ್ಯರ ಆ ಪಾಟೀಲರ ಜೋಡಿ ನಮ್ಮನ್ನ ಕೂಡಿಸು" ಎಂದಿದ್ದ. ಸಿದ್ದರಾಯ ಆಕಳನ್ನು ನೋಡಿದ, ಬಸಗೊಂಡಪ್ಪನನ್ನು ನೋಡಿದ, ನಕ್ಕ. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ವಂಶಾವಳಿ ಹೇಳಿದ, ಪಾಟೀಲರು ಅದರಲ್ಲಿ ಬಂದರು.

ಪಾಟೀಲರೂ ತಕರಾರು ಮಾಡಲಿಲ್ಲ. ವರ್ಷಕ್ಕೊಂದು ಚೀಲ ಮೆಣಸಿನಕಾಯಿ ಪುಕ್ಕಟೆ ಕಳಿಸುವ ತಮ್ಮನನ್ನು ಯಾವ ಅಣ್ಣ ಬೇಡ ಅಂದಾನು?

ಕೆಟ್ಟದ್ದು ೧೯೬೩ರಲ್ಲಿ. ಖಾಲಿ ಚೀಲ ತಿರುಗಿ ಕೊಡಲು ಬಂದ ಪಾಟೀಲರ ಮೊಮ್ಮಗ ಬಸಗೊಂಡಪ್ಪನ ಮಗನ ಮಗಳು ಗೌರವ್ವನನ್ನು ನೋಡಿದ. ಮರುವಾರ ಇನ್ನೊಂದು ಚೀಲ ತಂದ. ಅದರ ಮರುವಾರ ತಂದದ್ದು ಖಾಲಿ ಸಿಮೆಂಟಿನ ಚೀಲ. ಆಗ ಬಾಳವ್ವನಿಗೆ ಎಲ್ಲ ತಿಳಿಯಿತು. ಎರಡೂ ಮನೆಯವರಿಗೆ ಸಂತೋಷವೇ. ಆದರೆ ಸಮಾಜದ ಹಿರಿಯರು ತಡೆದರು. ಒಂದೇ ಮನೆತನವೆಂದ ಮೇಲೆ ಹುಡುಗ ಹುಡುಗಿ ಅಣ್ಣ ತಂಗಿಯಾದರು, ಲಗ್ನ ಹೇಗಾದೀತು?

ತಾಯಿಯಿಲ್ಲದ ಗೌರವ್ವನನ್ನು ತೊಡೆಯ ಮೇಲೆ ಬೆಳೆಸಿದವನು ಬಸಗೊಂಡಪ್ಪ. ಅವಳು ರೊಟ್ಟಿಯ ಗಂಗಾಳ ಅವನ ಮುಂದೆ ಇಡುತ್ತ, "ಮುತ್ಯಾ, ನಿನ್ನ ಬಡಾಯಿ ನನ್ನ ಕೊರಳಿಗೆ ಬಂತು" ಎಂದಳು. ಅವನು ರೊಟ್ಟಿ ಮುರಿಯದೆ ಗಂಗಾಳ ಸರಿಸಿ ಎದ್ದ.

ಆಕಳು ಕೊಟ್ಟದ್ದನ್ನು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಮೀಸೆ ಏನಾಗಬೇಕು? ಅದಕ್ಕೇ ಅವನೊಂದು ಯುಕ್ತಿ ಹೂಡಿದ. ಕೊಲ್ಹಾಪುರದ ಹಳೆಯ ದಫ್ತರಖಾನೆಯಲ್ಲಿ ರಾಜರ ಕಾಲದ ಕಾಗದಗಳಿವೆ. ಎರಡು ಮನೆತನಕ್ಕೂ ಸಂಬಂಧವಿಲ್ಲವೆಂದು ಅಲ್ಲಿಂದ ಸಿಕ್ಕೆ ಒತ್ತಿದ ಕಾಗದ ತಂದರೆ ತಪ್ಪೆಲ್ಲ ಹೆಳವನದಾಗುತ್ತದೆ, ತನ್ನ ಮೀಸೆ ತನ್ನಲ್ಲೇ ಇರುತ್ತದೆ. ಸುಳ್ಳನ್ನು ತಾನೇ ಕೊಂಡವನಾದ್ದರಿಂದ ಕಾಗದ ಏನು ಹೇಳೀತೆಂದು ಅವನಿಗೆ ಅನುಮಾನವೇ ಇರಲಿಲ್ಲ.

ಹಳೆಯ ಕಾಗದಗಳೆಲ್ಲ ಮೋಡಿ ಲಿಪಿಯಲ್ಲಿ, ಮರಾಠಿಯ ಹಳೆಯ ಕೂಡುಬರಹದಲ್ಲಿ. ಅದನ್ನು ಓದಿ ಹೇಳಲು ಜೋತಿಬಾ ಎಂಬ ಪಿಂಚಣಿದಾರ ಕಾರಕೂನ ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಸಂಗತಿ ಕೇಳಿ ಅವನಿಗೆ ನಗು ತಡೆಯಲಿಲ್ಲ. "ಲೋಕಂ ಹಿತಂ ನಾತಂ ಶೋಧಾಯಲಾ ಯೇತ್ಯಾತ, ತುಮೀ ತೋಡಾಯಲಾ ಆಲಾಯಸಾ?" ಎಂದ. ಮಂದಿ ಇಲ್ಲಿಗೆ ನಂಟು ಹುಡುಕಲು ಬರುತ್ತಾರೆ, ನಂಟು ಹರಿಯಲು ಬಂದವನು ನೀನೊಬ್ಬನೇ ಎಂದು ಅವನ ಮಾತು.

ಕೆಂಪು ಅರಿವೆಯ ಗಂಟುಗಳನ್ನು ಬಿಚ್ಚಿ ಬಿಚ್ಚಿ ಇಬ್ಬರೂ ಧೂಳಿಗೆ ಸೀನಿದರು. ಬಸಗೊಂಡಪ್ಪನಿಗೆ ಆ ದಿನಗಳಲ್ಲಿ ನಶ್ಯದ ಖರ್ಚೇ ಉಳಿಯಿತು. ಕೊನೆಗೆ ಒಂದು ಫಿರ್ಯಾದು ಸಿಕ್ಕಿತು. ಜೋತಿಬಾ ಓದುತ್ತ ಹೋದ. ಇಚಲಕರಂಜಿಯ ಪಾಟೀಲಕಿಯ ಮನೆಯ ಇಬ್ಬರು ಅಣ್ಣತಮ್ಮಂದಿರು. ತಮ್ಮನ ಹೆಸರು ಬಸಗೊಂಡ. ಜಗಳಾಡಿ ಪಾಲು ತೆಗೆದುಕೊಂಡು ಗಡಹಿಂಗ್ಲಜಕ್ಕೆ ಬಂದವನು. ಹಿರಣ್ಯಕೇಶಿಯ ದಂಡೆಗೆ ಕರಿಕಲ್ಲಿನ ಬಾವಿಯ ಹೊಲ ಹಿಡಿದವನು. ಆ ಬಾವಿ ಈಗಲೂ ಬಸಗೊಂಡಪ್ಪನದೇ, ಊರು ಬಿಡುವ ಬೆಳಿಗ್ಗೆ ಅದರ ನೀರನ್ನೇ ಕುಡಿದು ಬಂದಿದ್ದ.

ಜಗಳ ಎದಕ್ಕೆ ಅಂತೀರಿ? ಹಿತ್ತಲ ಹುಣಸೀಗಿಡಕ್ಕೆ. ತಮ್ಮ ಅರ್ಧ ಕೇಳಿದ್ದ, ಅಣ್ಣ ಒಂದು ಕಾಯಿಯನ್ನೂ ಕೊಟ್ಟಿರಲಿಲ್ಲ. ಅದನ್ನು ಕೇಳಿದ್ದೇ ತಡ ಬಸಗೊಂಡಪ್ಪನ ರಕ್ತ ಕುದಿಯಿತು. "ಹಲ್ಕಟ್ ನನಮಗ! ಅರ್ಧಾ ಗಿಡ ನಮ್ಮದು!" ಎಂದು ಎದ್ದೇ ನಿಂತ. ನಿಂತ ಮೇಲೆ ಗೌರವ್ವ ನೆನಪಾದಳು, ಮೆಲ್ಲಗೆ ಕೂತ.

ಸಿಕ್ಕೆ ಹಾಕಿಸಿ ನಕಲು ಕೊಡಿಸಲೇ ಎಂದು ಜೋತಿಬಾ ಕೇಳಿದ. ಜನ್ಮವಿಡೀ ಬಸಗೊಂಡಪ್ಪ ಆಸೆಪಟ್ಟ ಕಾಗದ ಅದು. ಅದನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬಹುದಿತ್ತು. ಅವನ ಕಣ್ಣಲ್ಲಿ ನೀರೇ ಬಂತು.

"ನಕೋ. ಹೋತಂ ತಸಂ ಬಾಂಧೂನ ಠೇವಾ" ಎಂದ. ಇದ್ದ ಹಾಗೇ ಕಟ್ಟಿಟ್ಟುಬಿಡು.

ಏಳು ತಲೆ ಹಿಂದಿನ ರಕ್ತ ಇಷ್ಟೊತ್ತಿಗೆ ಹಿರಣ್ಯಕೇಶಿಯ ಪಾಲಾಗಿರುತ್ತದೆ ಎಂದು ಮೋಟಾರಿನಲ್ಲಿ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಊರಿಗೆ ಬಂದವನೇ ಸಿದ್ದರಾಯನ ಬಿಡಾರ ಹುಡುಕಿಕೊಂಡು ಹೋದ.

"ಲೇ ಸಿದ್ದರಾಯಾ, ನೀ ಕೂಡಿಸಿದ್ದು ಖರೇನ ಐತಲ್ಲೋ!"

"ನಾ ಎಲ್ಲಿ ಕೂಡಿಸಿದೆ ರೀ? ನಮ್ಮಪ್ಪ ಕಲಿಸಿದ್ದ ಹೇಳೇನಿ. ಕಾಳು ಕೊಟ್ರ ನಾಕು ತಲಿ ಹೇಳ್ತೀವಿ, ಆಕಳಾ ಕೊಟ್ರ ಏಳು ತಲಿ. ನಿಮ್ಮ ಮನ್ಯಾಗ ಅಲ್ಲೀತನಕ ಯಾರೂ ಆಕಳಾ ಕೊಟ್ಟಿರಲಿಲ್ಲ."

"ಹಗ್ಗ ಕೈಯಾಗ ಇಟ್ಟಾಗ ಹೇಳಬಾರದಿತ್ತೇನು?"

"ಭಾಳ ಚಲೋ ಆಕಳಾ ರೀ ಅದು" ಎಂದ ಸಿದ್ದರಾಯ.

ಇಚಲಕರಂಜಿಯಲ್ಲಿ ಪಾಟೀಲರ ಪಡಸಾಲೆಗೆ ಹಿರಿಯರು ಕೂಡಿದರು. ಬಸಗೊಂಡಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾ ಹೆಳವಗ ಆಕಳಾ ಕೊಟ್ಟು, ಪಾಟೀಲರ ಜೋಡಿ ನಮ್ಮನ್ನ ಕೂಡಿಸು ಅಂದಿದ್ನಿರಿ" ಎಂದ. ಸಿದ್ದರಾಯನನ್ನು ಕೇಳಿದರು. "ಆಕಳಾ ಕೊಟ್ಟಿದ್ದು ಖರೆ ಐತ್ರಿ. ಕೂಡಿಸು ಅಂದಿದ್ದೂ ಖರೆ" ಎಂದ ಅವನು. ಮುಂದಿನದನ್ನು ಯಾರೂ ಕೇಳಲಿಲ್ಲ, ಇಬ್ಬರೂ ಹೇಳಲಿಲ್ಲ. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲಗ್ನ ಗಟ್ಟಿಯಾಯಿತು. ಅಂದಿನಿಂದ ಗಡಹಿಂಗ್ಲಜದ ಪೇಟೆಯಲ್ಲಿ ಅವನ ಹೆಸರು ಆಕಳ ಬಸಗೊಂಡ.

ಲಗ್ನದ ಊಟದಲ್ಲಿ ಸಿದ್ರಾಮ ಪಾಟೀಲರು ತಾವೇ ಸಾರಿನ ಸೌಟು ಹಿಡಿದು ಬಂದರು. "ಬೀಗರ, ಸುಳ್ಳ ತಮ್ಮ ಆಗಿದ್ರಿ, ಈಗ ಖರೆ ಬೀಗ ಆದ್ರಿ. ಈ ಹುಳಿ ನೋಡ್ರಿ, ನಮ್ಮ ಹಿತ್ತಲ ಗಿಡದ್ದು. ಏಳೆಂಟು ತಲಿ ಹಿಂದಿನ ನಮ್ಮ ಮುತ್ಯಾ ಹಚ್ಚಿದ್ದು."

ಬಸಗೊಂಡಪ್ಪನ ಬಾಯಿ ತೆರೆಯಿತು. ಎದುರಿಗೆ ಬಾಸಿಂಗ ಕಟ್ಟಿಕೊಂಡ ಗೌರವ್ವ ಇವನನ್ನೇ ನೋಡಿ ನಗುತ್ತಿದ್ದಳು.

"ಭಾಳ ರುಚಿ ಐತ್ರಿ. ಇನ್ನೊಂದ ಸೌಟು ಹಾಕ್ರಿ" ಎಂದ.

ಮರುವರ್ಷದಿಂದ ಇಲ್ಲಿಯ ಮೆಣಸಿನಕಾಯಿ ಚೀಲಕ್ಕೆ ಬದಲು ಅಲ್ಲಿಂದ ಒಂದು ಚೀಲ ಹುಣಸಿಹಣ್ಣು ಬರತೊಡಗಿತು. ಬೀಗರ ಕಾಣಿಕೆ ಬಂತು ಎಂದು ಬಾಳವ್ವ ಅನ್ನುತ್ತಿದ್ದಳು. ಬಸಗೊಂಡಪ್ಪ ಮಾತ್ರ ಪ್ರತಿ ವರ್ಷ ಚೀಲವನ್ನು ತಕ್ಕಡಿಗೆ ಹಾಕಿ, ಅರ್ಧ ಗಿಡದ್ದು ಸರಿಯಾಗಿ ಬಂದಿದೆಯೇ ಎಂದು ತೂಗಿ ನೋಡುತ್ತಿದ್ದ.