ಅಟ್ಟ ಹತ್ತಿದ ಗಿಟಾರು

ಮೊದಲೇ ಹೇಳಿಬಿಡುತ್ತೇನೆ, ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದು ಬೇಡ: ಅಪ್ಪನ ಗಿಟಾರು ಅಟ್ಟ ಹತ್ತಿದ್ದು ನನ್ನ ಬಾಯಿಂದ. ನನ್ನದು ಬೈಯುವ ಬಾಯಲ್ಲ, ಅಣಕಿಸುವ ಬಾಯಿ. ಹುಳಿಯಾರು ಬಸ್ಸಿನ ಕಂಡಕ್ಟರು ಸೀಟಿ ಊದುವ ಮೊದಲು ಮೂಗೇರಿಸುವುದು, ನಮ್ಮ ದೊಡ್ಡಪ್ಪ ಮಾತು ಕೇಳಿಸದಿದ್ದಾಗ ಫೋನನ್ನೇ ಹಿಡಿದು ಬೈಯುವುದು, ಹೆಣ್ಣು ನೋಡಲು ಹೋದಾಗ ನನ್ನ ಕೈಯಲ್ಲಿ ಕಾಫಿ ಲೋಟ ನಡುಗಿದ್ದು, ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ಕೊನೆಯದಕ್ಕೆ ಜನ ಹೆಚ್ಚು ನಗುತ್ತಾರೆ. ಆ ಹುಡುಗಿಯೂ ನಕ್ಕಿದ್ದಳು. ನಕ್ಕು ಬೇರೆ ಕಡೆ ಮದುವೆಯಾದಳು.

ನಮ್ಮ ತೋಟ, ಮನೆ ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ದಾರಿಯಲ್ಲಿದೆ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದರ ಸುದ್ದಿಗೆ ಹೋಗುವಂತಿಲ್ಲ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗೊಟಗೊಟ ಎಂದರೆ ಸುಲಿಯಬಹುದು, ಸುಮ್ಮನಿದ್ದರೆ ಇನ್ನೂ ಹಸಿ. ನಮ್ಮ ಮನೆಯಲ್ಲಿ ಆ ಕಿವಿ ಅವ್ವನದು. ಅಟ್ಟದ ಏಣಿಯ ಬುಡದಲ್ಲಿ ಕೂತು, ಸುಲಿಯುವವರ ಜೊತೆ ಊರ ಸುದ್ದಿಯನ್ನೆಲ್ಲ ಆಡುತ್ತಲೇ, ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಈ ರಾಶಿಗೋ ಆ ರಾಶಿಗೋ ಎಸೆಯುತ್ತಿದ್ದಳು.

ಒಂದು ವರ್ಷ ಅವಳು ಎಸೆದದ್ದೆಲ್ಲ ಹಸಿ ರಾಶಿಗೇ ಬಿತ್ತು. ಸುಲಿಯುವವನು ಒಂದನ್ನು ಎತ್ತಿ ಅಲ್ಲಾಡಿಸಿದ.

"ಅಮ್ಮಾರೇ, ಇದು ಎತ್ತಿನಗಾಡಿ ಹಂಗೆ ಸದ್ದು ಮಾಡ್ತೈತೆ. ಹಸಿ ಅಂತೀರಲ್ಲ?"

"ಎಲ್ಲೈತಪ್ಪ ಸದ್ದು? ಸುಮ್ಕೈತೆ ಕಣಪ್ಪ," ಎಂದಳು ಅವ್ವ.

ನಾನು ನಕ್ಕೆ. ಅಪ್ಪ ನಗಲಿಲ್ಲ. ಆ ಕಾಯಿಯನ್ನು ಇಸಿದುಕೊಂಡು ಅವ್ವನ ಇನ್ನೊಂದು ಕಿವಿಯ ಹತ್ತಿರ ಅಲ್ಲಾಡಿಸಿದ. ಅವ್ವ ಕಾಯಿಯನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು.

ತುಮಕೂರಿನ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ನರ ಸೋತಿದೆ, ನಿಧಾನವಾಗಿ ಪೂರ್ತಿ ಹೋಗುತ್ತದೆ, ಮಿಷನ್ನು ಹಾಕಿದರೂ ಸ್ವಲ್ಪ ಕಾಲದ ಮಾತು ಎಂದರು. ವಾಪಸು ಬರುವಾಗ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ನಮ್ಮಿಬ್ಬರನ್ನು ಕೂರಿಸಿ, "ಬತ್ತೀನಿ ಇರಿ" ಎಂದು ಹೋದ. ಮಾತ್ರೆ ತರಲು ಹೋಗಿದ್ದಾನೆ ಎಂದುಕೊಂಡೆ. ಬಂದಾಗ ಹೆಗಲ ಮೇಲೆ ಗಿಟಾರಿತ್ತು.

ಮದುವೆಯಾದ ಹೊಸತರಲ್ಲಿ ಇದೇ ತಿಪಟೂರಿನಲ್ಲಿ ಯಾವುದೋ ಕಾಲೇಜಿನ ಕಾರ್ಯಕ್ರಮದಲ್ಲಿ ಒಬ್ಬ ಹುಡುಗ ಗಿಟಾರು ನುಡಿಸುತ್ತಿದ್ದನಂತೆ. ಅವ್ವ ಅಪ್ಪನ ತೋಳು ಹಿಡಿದುಕೊಂಡು, ಮುಗಿಯುವವರೆಗೆ ಕಾಂಪೌಂಡಿನಾಚೆ ನಿಂತು ಕೇಳಿದ್ದಳಂತೆ. ಊರಿನ ಬಸ್ಸು ತಪ್ಪಿತು. ಆ ಬಸ್ಸಿನ ವಿಷಯ ಅಪ್ಪ ವರ್ಷಕ್ಕೊಮ್ಮೆಯಾದರೂ ಎತ್ತುತ್ತಿದ್ದ. ಗಿಟಾರಿನ ವಿಷಯ ನಾನು ಕೇಳಿದ್ದು ಅವತ್ತೇ ಮೊದಲು.

"ಅರವತ್ತರ ಹತ್ರ ಬಂದವ್ರೆ, ಗಿಟಾರಂತೆ," ಎಂದು ಅವ್ವ ನನಗೆ ಹೇಳಿದಳು.

"ನೀನು ರೊಟ್ಟಿ ತಟ್ಟೋವಾಗ ಗುನುಗ್ತೀಯಲ್ಲ, ಅದನ್ನ ಬಾರಿಸ್ತೀನಿ ಕಣೇ. ಅದೊಂದೇ. ನಿಂಗೆ ಕೇಳ್ಸೋ ಅಷ್ಟರೊಳಗೆ ಪೂರ್ತಿ ಬಾರಿಸ್ತೀನಿ," ಎಂದ ಅಪ್ಪ. ಕಂಡಕ್ಟರು ಬಂದು, "ಯಜಮಾನ್ರೇ, ಇದ್ಕೆ ಹಾಫ್ ಟಿಕೆಟ್ಟಾ?" ಎಂದ. ಊರು ಬರುವಷ್ಟರಲ್ಲಿ ಅವನ ದನಿ ನನಗೆ ಬಾಯಿಪಾಠವಾಗಿತ್ತು.

ಆ ರಾಗ ಅವ್ವನ ಜೊತೆ ಮಾಯಸಂದ್ರದ ತವರಿನಿಂದ ಬಂದದ್ದು. ಮಾತುಗಳನ್ನು ಅವಳ ಅಜ್ಜಿಯೇ ಮರೆತಿದ್ದಳು. ಫೋನಿನಲ್ಲಿ ಹುಡುಕಿದರೆ ಸಿಗುವ ಹಾಡಲ್ಲ. ಹಾಗಾಗಿ ಅಪ್ಪ ಬೆರಳು ಇಡುವುದನ್ನು ಫೋನಿನಿಂದಲೂ ರಾಗವನ್ನು ಅಡುಗೆಮನೆ ಬಾಗಿಲಲ್ಲಿ ನಿಂತೂ ಕಲಿಯತೊಡಗಿದ. ಫೋನಿನ ಮೇಷ್ಟ್ರು ಎದುರುಬದುರು ಕೂತವನು. ಅಪ್ಪ ಕನ್ನಡಿ ನೋಡಿಕೊಂಡಂತೆ ಅವನನ್ನು ಅನುಸರಿಸಿ, ಬಹಳ ದಿನ ಗಿಟಾರನ್ನು ಉಲ್ಟಾ ಹಿಡಿದು ಬಾರಿಸಿದ. ತಂತಿ ಮೀಟಲು ತೆಂಗಿನ ಕರಟವನ್ನು ಉಜ್ಜಿ ತೆಳ್ಳಗೆ ಮಾಡಿಕೊಂಡ. ತುಕ್ಕು ಹಿಡಿಯದಿರಲೆಂದು ತಂತಿಗಳಿಗೆ ಕೊಬ್ಬರಿ ಎಣ್ಣೆ ಸವರಿದ. ಗಿಟಾರು ಸ್ನಾನಕ್ಕೆ ಹೊರಟ ಮಗುವಿನ ಹಾಗೆ ಮಿರಿಮಿರಿ ಮಿಂಚಿತು.

ಅವನ ಬೆರಳುಗಳು ಹಾರೆ, ಮಚ್ಚು ಹಿಡಿದು ದಪ್ಪಗಾಗಿದ್ದವು. ಒಂದು ತಂತಿ ಒತ್ತಲು ಹೋದರೆ ಪಕ್ಕದ ತಂತಿಯೂ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆಗೆಲ್ಲ ಅಪ್ಪ ನಾಲಿಗೆ ಕಚ್ಚಿ "ಥತ್" ಎನ್ನುತ್ತಿದ್ದ. ಟಿಣ್, ಟಿಣ್, ಟುಪ್, ಥತ್. ಮತ್ತೆ ಮೊದಲಿನಿಂದ. ಅವ್ವ ಕಂಬಕ್ಕೆ ಒರಗಿ ಕೂತು, ಇನ್ನೂ ಕೇಳುತ್ತಿದ್ದ ಎಡಗಿವಿಯನ್ನು ಅವನ ಕಡೆ ತಿರುಗಿಸಿಕೊಂಡು, "ಏನ್ ಬುಡಿ, ಥತ್ ಅನ್ನೋದೂ ತಾಳಕ್ಕೆ ಸರ್ಯಾಗಿ ಬೀಳ್ತೈತೆ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪನಿಗೂ ನಗು. ಸಂಜೆ ತೋಟದಿಂದ ಬಂದವನು ಕಾಲು ತೊಳೆಯುವುದಕ್ಕೂ ಮೊದಲು ಗಿಟಾರು ಹುಡುಕುತ್ತಿದ್ದ. ಅರ್ಧ ರಾಗ ಬಂತು. ಇನ್ನರ್ಧ ಬರುವುದಿತ್ತು.

ಆಗ ತುರುವೇಕೆರೆಯಲ್ಲಿ ನೆಂಟರ ಮಗುವಿಗೆ ಹೆಸರಿಡುವ ಶಾಸ್ತ್ರ. ಊಟದ ಪಂಕ್ತಿ ಕೂತಿತ್ತು. "ಏನಾರ ಮಾಡ್ಲಾ," ಎಂದರು ಯಾರೋ. ನಾನು ಒಂದು ಮೊರವನ್ನು ಎದೆಗವುಚಿಕೊಂಡು ಅಪ್ಪನನ್ನು ಮಾಡಿದೆ. ಕಚ್ಚಿದ ನಾಲಿಗೆ, ಎಣ್ಣೆಗೆ ಜಾರುವ ಬೆರಳು, ಕರಟ ಕೈತಪ್ಪಿ ಬಿದ್ದು ಹುಡುಕಾಡುವುದು, ಥತ್. ಎಲೆಯ ಮುಂದೆ ಕೂತವರು ನಕ್ಕು ನಕ್ಕು ಕೆಮ್ಮಿದರು. "ಇನ್ನೊಂದ್ಸಲ ಮಾಡ್ಲಾ!" ಮತ್ತೆ ಮಾಡಿದೆ, ಇನ್ನಷ್ಟು ಸೇರಿಸಿ. ತಲೆಯೆತ್ತಿದರೆ ಪಂಕ್ತಿಯ ತುದಿಯಲ್ಲಿ ಅಪ್ಪ ಪಾಯಸದ ಬಕೆಟ್ಟು ಹಿಡಿದು ನಿಂತಿದ್ದ. ನನ್ನನ್ನು ನೋಡಿ ನಕ್ಕ. ನಂತರ ಬಗ್ಗಿ ಮುಂದಿನ ಎಲೆಗೆ ಪಾಯಸ ಬಡಿಸಿದ. ಆ ನಗುವನ್ನು ಮಾತ್ರ ನನಗೆ ಇವತ್ತಿಗೂ ಮಾಡಲು ಬರುವುದಿಲ್ಲ.

ಮನೆಗೆ ಬಂದವನು ಗಿಟಾರಿಗೆ ಟವೆಲ್ಲು ಸುತ್ತಿ ಅಟ್ಟಕ್ಕೆ ಹಾಕಿದ, ಕಾಯಿಗಳ ಪಕ್ಕಕ್ಕೆ. ನಮ್ಮ ಕಡೆಯವರಿಗೆ ಅಟ್ಟದ ಮೇಲೆ ಅಷ್ಟು ನಂಬಿಕೆ. ಅಲ್ಲಿಟ್ಟದ್ದು ಒಣಗಿ ಹದಕ್ಕೆ ಬರುತ್ತದೆಯೇ ಹೊರತು ಕೆಡುವುದಿಲ್ಲ. ನನಗೂ ಹಾಗೇ ಅನ್ನಿಸಿತ್ತು.

"ಯಾಕ್ರೀ, ಬಾರಿಸ್ತಾನೇ ಇಲ್ಲ?" ಎಂದು ಅವ್ವ ಕೇಳುತ್ತಿದ್ದಳು.

"ಕೆಲ್ಸ ಕಣೇ," ಎನ್ನುತ್ತಿದ್ದ ಅಪ್ಪ.

ಬೇಸಿಗೆ ಹೋಯಿತು. ಮಳೆ ಹೆಂಚಿನ ಮೇಲೆ ಬಿದ್ದು ಹೋಯಿತು. ಅವ್ವ ಕೇಳುವುದನ್ನು ನಿಲ್ಲಿಸಿದಳು. ಸಿಟ್ಟಿನಿಂದಲ್ಲ, ಅಪ್ಪನ ಉತ್ತರ ಅವಳಿಗೆ ಕೇಳಿಸುತ್ತಿರಲಿಲ್ಲ. ತುಮಕೂರಿನಿಂದ ತಂದು ಕಿವಿಗೆ ಹಾಕಿಕೊಂಡಿದ್ದ ಮಿಷನ್ನನ್ನೂ ತೆಗೆದು ದೇವರ ಗೂಡಿನಲ್ಲಿಟ್ಟಳು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಗುನುಗತೊಡಗಿದವಳ ರಾಗ ದಾರಿ ತಪ್ಪಿತು. ಎಲ್ಲೋ ಏರಿ, ಎಲ್ಲೋ ಜಾರಿ, ಬೇರೆ ಯಾರದೋ ರಾಗವಾಯಿತು. ಅವಳಿಗೆ ಗೊತ್ತಾಗಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ಗೊತ್ತಾಯಿತು. ಕಾಫಿ ಲೋಟವನ್ನು ಕೆಳಗಿಟ್ಟು ಏಣಿ ಹತ್ತಿದ.

ಹೆಂಚಿನ ಕಾವಿಗೆ ಗಿಟಾರಿನ ಅಂಟು ಬಿಟ್ಟಿತ್ತು. ತಂತಿ ಕಟ್ಟುವ ಪಟ್ಟಿ ಚಪ್ಪಲಿಯ ಅಟ್ಟೆಯ ಹಾಗೆ ಬಾಯಿ ಬಿಟ್ಟುಕೊಂಡಿತ್ತು. ತಿಪಟೂರಿನಲ್ಲಿ ನಮ್ಮ ಪಂಪಿನ ಮೋಟಾರು ರಿಪೇರಿ ಮಾಡುವ ಸಾಬರು ಅದನ್ನು ತಿರುಗಿಸಿ ನೋಡಿ, "ಯಜಮಾನ್ರೇ, ಇದ್ನೂ ಕೊಬ್ರಿ ಮಾಡಾಕೆ ಇಟ್ಟಿದ್ರಾ?" ಎಂದರು. ಅಂಟು ಹಾಕಿ, ಬಿಗಿದು, ಒಣಗಿಸಿ ಕೊಟ್ಟರು.

ಅಪ್ಪ ನನ್ನನ್ನು ತೋಟದ ಪಂಪ್‌ಮನೆಗೆ ಕರೆದ. "ನಿಮ್ಮವ್ವ ಮೊದ್ಲು ಹೆಂಗೆ ಗುನುಗ್ತಿದ್ಲೋ, ಹಂಗೆ ಗುನುಗು. ನಿಂಗೆ ಬತ್ತದಲ್ಲ."

ಗುನುಗಿದೆ. ಅವಳು ಉಸಿರು ಎಳೆದುಕೊಳ್ಳುವ ಜಾಗ, ರೊಟ್ಟಿ ತಿರುವಿ ಹಾಕುವಾಗ ರಾಗ ಕೊಂಚ ನಿಲ್ಲುವುದು, ಎಲ್ಲ ಬಂತು. ಅಪ್ಪ ನನ್ನ ಬಾಯಿಯನ್ನು ನೋಡದೆ ನೀರಿನ ಕಾಲುವೆಯನ್ನು ನೋಡುತ್ತಾ ಕೇಳಿದ. ದಿನಾ ಇದೇ ಆಯಿತು. ಒಂದು ದಿನ ಬಾರಿಸುತ್ತಾ ಮೋಟಾರು ಆರಿಸುವುದನ್ನೇ ಮರೆತ; ಪಾತಿಗಳೆಲ್ಲ ತುಂಬಿ ನೀರು ರಸ್ತೆಗೆ ಹರಿಯಿತು. ಅವತ್ತು ಅವನ ಬಾಯಿಂದ ಒಂದು ಥತ್ತೂ ಬಂದಿರಲಿಲ್ಲ.

ಮಾರನೆಯ ದಿನ ಜಗಲಿಯಲ್ಲಿ ಅವ್ವನೂ ನಾನೂ ಅವರೆಕಾಯಿ ಸುಲಿಯುತ್ತಿದ್ದೆವು. ಅಪ್ಪ ಎದುರು ಕೂತು ಇಡೀ ರಾಗ ಬಾರಿಸಿದ. ಮೊದಲಿನಿಂದ ಕೊನೆಯವರೆಗೆ, ಎಲ್ಲೂ ನಿಲ್ಲದೆ. ಅವ್ವ ಕಾಯಿ ಸುಲಿಯುವುದನ್ನು ಬಿಟ್ಟು ಅವನ ಕೈಯನ್ನೂ ಮುಖವನ್ನೂ ನೋಡುತ್ತಿದ್ದಳು.

"ಕೇಳಿಸ್ತೇನೇ?" ಅಪ್ಪ ಕಿವಿ ಮುಟ್ಟಿಕೊಂಡು ತೋರಿಸಿದ.

ಅಪ್ಪ ಹತ್ತಿರ ಜರುಗಿ ಇನ್ನೊಂದು ಸಲ ಬಾರಿಸಿದ, ಜೋರಾಗಿ. ಆಮೇಲೆ ಎದ್ದು ಗಿಟಾರನ್ನೇ ಎತ್ತಿ, ಹಿಂದಿನ ವರ್ಷ ಆ ತೆಂಗಿನಕಾಯಿಯನ್ನು ಹಿಡಿದ ಹಾಗೆ, ಅವಳ ಎಡಗಿವಿಯ ಹತ್ತಿರ ಹಿಡಿದ. ಅವ್ವ ಗಿಟಾರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತನಗೇ ಕೇಳಿಸದ ತನ್ನ ಈಗಿನ ದೊಡ್ಡ ದನಿಯಲ್ಲಿ ಹೇಳಿದಳು:

"ಈ ಸಲ ನಾಲ್ಗೆ ಕಚ್ಚಿ ಥತ್ ಅನ್ಲೇ ಇಲ್ವಲ್ರೀ! ನಾನು ಕೇಳಿರೋ ಹಾಡ್ನಾಗೆ ಥತ್ ಐತೆ. ನಂಗೆ ಅದೇ ಸಾಕು ಬುಡಿ, ಇದನ್ನ ಇವನಿಗೆ ಕೇಳ್ಸಿ."