ಮುಚ್ಚಳದ ಮೇಲಿನ ಅಕ್ಷರ

ಪುಣೆಯ ಒಂದು ಪ್ರಯೋಗಾಲಯದಲ್ಲಿ ನಾನು ಗುತ್ತಿಗೆಯ ಟೆಕ್ನಿಶಿಯನ್. ಹನ್ನೊಂದು ವರ್ಷದಿಂದ ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಯೀಸ್ಟ್ ಕೋಶಗಳನ್ನು ಒಡೆದು, ಅವುಗಳ ಒಳಪೊರೆಯ ಸಣ್ಣ ಗುಳ್ಳೆಗಳನ್ನು ಬೇರ್ಪಡಿಸುತ್ತಿದ್ದೇನೆ. ಪ್ರೋಟೀನು ಪೊರೆ ದಾಟಿ ಈ ಗುಳ್ಳೆಯೊಳಗೆ ಹೋಗುವುದು ಹೇಗೆಂದು ಉಳಿದವರು ಸಂಶೋಧನೆ ಮಾಡುತ್ತಾರೆ. ಗುಳ್ಳೆ ಮಾಡಿದವರು ಟ್ಯೂಬಿನ ಮುಚ್ಚಳದ ಮೇಲೆ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯಬೇಕು. ಪ್ರಯೋಗ ಕೆಟ್ಟರೆ ಯಾರನ್ನು ಬೈಯಬೇಕೆಂದು ಗೊತ್ತಾಗಬೇಕಲ್ಲ!

ಕಲಬುರಗಿ ಕಡೆಯ ಸಂಶೋಧಕನೊಬ್ಬ ಬಂದ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಕರಗಿಹೋದೆ. ಚಿಂಚವಾಡದ ಮನೆಯಿಂದ ಲೋಕಲ್ ರೈಲಿಗೆ ಹೊರಡುವಾಗ ಅವನಿಗೂ ರೊಟ್ಟಿ ಕಟ್ಟಿಕೊಳ್ಳುತ್ತಿದ್ದೆ. ಎರಡು ವರ್ಷವಾದರೂ ಅವನ ಪ್ರೋಟೀನು ಒಳಗೆ ಹೋಗಲಿಲ್ಲ. ಪೂರ್ತಿ ತಯಾರಾದ ಪ್ರೋಟೀನಿಗೆ ಗುಳ್ಳೆ ಹಾಕುತ್ತಿದ್ದ, ಪುಣ್ಯಾತ್ಮ!

"ದಾರ ಮುದ್ದಿ ಆದಮ್ಯಾಲ ಸೂಜಿ ಕಣ್ಣಾಗ ಹೋಗತದೇನೋ ತಮ್ಮಾ? ಎಳಿ ಇದ್ದಾಗನ ದಾಟಬೇಕು. ಅದು ತಯಾರಾಗೂ ಮುಂದನ ಗುಳ್ಳಿ ಹಾಕು," ಅಂದೆ.

ಹಾಕಿದ. ಹೋಯಿತು. ಹೊರಗೆ ಉಳಿದ ಪ್ರೋಟೀನನ್ನೆಲ್ಲ ಪರೀಕ್ಷೆಗೆಂದು ಹಾಕಿದ ಕಿಣ್ವ ತಿಂದುಹಾಕಿತು, ಒಳಗಿನದು ಉಳಿಯಿತು. "ಅಕ್ಕಾರ, ಪೇಪರ್‌ನ್ಯಾಗ ನಿಮ್ಮ ಹೆಸರು ಇರ್ತದ ರೀ," ಎಂದು ಕಣ್ಣಲ್ಲಿ ನೀರು ತಂದುಕೊಂಡ. ಒಂದು ಪ್ರಬಂಧದಲ್ಲಿ ಹೆಸರಿದ್ದರೆ ನನ್ನ ನೌಕರಿ ಕಾಯಂ ಆಗುತ್ತಿತ್ತು. ಮನೆಯಲ್ಲಿ ಹೇಳಿಯೂ ಬಿಟ್ಟೆ.

ಪ್ರಬಂಧ ಅಚ್ಚಾಯಿತು. ಮೇಲಿಂದ ಕೆಳಗೆ ಮೂರು ಸಲ ಹುಡುಕಿದೆ. ಕೊನೆಯಲ್ಲಿ 'ತಾಂತ್ರಿಕ ಸಿಬ್ಬಂದಿಗೆ ಧನ್ಯವಾದ' ಎಂದಿತ್ತು, ಅಷ್ಟೇ. ಹೋಗಿ ಅವನನ್ನೇ ಕೇಳಿದೆ.

"ಟೆಕ್ನಿಶಿಯನ್ನರ ಹೆಸರು ಹಾಕೂ ಪದ್ಧತಿ ಇಲ್ಲಂತ ರೀ. ನಮ್ಮ ಲ್ಯಾಬಿನ ಸರ್ ಅಂದ್ರು."

"ನೀ ಏನಂದಿ?"

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಮೆಲ್ಲಗೆ ಕೇಳಿದ: "ಅಕ್ಕಾರ, ಸೋಮವಾರಕ್ಕ ಗುಳ್ಳಿ ಸಿಗತಾವೇನ್ರಿ?"

ನಾಚಿಕೆಗೇಡಿ! ಕೆಟ್ಟ ಗುಳ್ಳೆ ಕೊಟ್ಟುಬಿಡೋಣ, ಮತ್ತೆರಡು ವರ್ಷ ಒದ್ದಾಡಲಿ ಎನಿಸಿತು. ಬಿಸಿನೀರಲ್ಲಿ ಒಂದು ನಿಮಿಷ ಇಟ್ಟಿದ್ದರೆ ಸಾಕಿತ್ತು, ಬೇಕೆಂದೇ ಕೆಡಿಸಿದ್ದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೈ ಕೇಳಲಿಲ್ಲ. ಸೋಮವಾರ ಐಸಿನಲ್ಲಿಟ್ಟು ಹನ್ನೆರಡು ಟ್ಯೂಬು ಕೊಟ್ಟೆ, ಒಂದೊಂದರ ಮುಚ್ಚಳದ ಮೇಲೂ ನನ್ನ ಅಕ್ಷರ ಬರೆದು. ಅವನ ಮೇಲಿನ ಸಿಟ್ಟು ಈಗ ತಣ್ಣಗಾಗಿದೆ. ಅವತ್ತು ಅಷ್ಟು ಒಳ್ಳೆಯ ಗುಳ್ಳೆ ಮಾಡಿಕೊಟ್ಟೆನಲ್ಲ, ಆ ನನ್ನ ಮೇಲಿನ ಸಿಟ್ಟು ಮಾತ್ರ ಆರಿಲ್ಲ.