ಹಗುರಾದ ಕಾರು

ಎಂಬತ್ತರ ದಶಕದಲ್ಲಿ ನಾನು ಹೊಸೂರಿನಲ್ಲಿ ಮೆಕ್ಯಾನಿಕ್. ರ‍್ಯಾಲಿ ರೇಸಿಗೆ ಬಿಡಲೆಂದು ಗ್ಯಾರೇಜಿಗೆ ಬಂದಿದ್ದ ಒಂದು ಕಾರಿಗೆ ಇನ್ನೊಂದು ಕಾರ್ಬ್ಯುರೇಟರ್ ಕೂರಿಸಿದ್ದೆ. ವೇಗ ಹೆಚ್ಚಲಿ ಎಂದು ಹಿಂದಿನ ಸೀಟು, ಸ್ಟೆಪ್ನಿ, ಕೊನೆಗೆ ಡಿಕ್ಕಿಯ ಬಾಗಿಲನ್ನೂ ಬಿಚ್ಚಿ ಹಾಕಿದ್ದೆ. ಓಡಿಸಿ ನೋಡೋಣವೆಂದು ಹತ್ತಿರದ ತಳಿ ಊರಿನ ಕಡೆ ಹೋದರೆ, ಮಳೆ ಬಿದ್ದ ಮಣ್ಣಿನ ಏರಿನಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿದವು. ಕಾರು ಅಲ್ಲಾಡಲಿಲ್ಲ.

ಎಲೆಕೋಸಿನ ಎರಡು ಮೂಟೆ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು ಡಿಕ್ಕಿಯೊಳಗೆ ಇಣುಕಿದ.

"ಯಾಕ್ಲಾ, ಹಿಂದ್ಗಡೆ ಏನೂ ಇಲ್ಲ?"

"ಬೇಕಂತ್ಲೇ ತೆಗ್ದಿದ್ದೀನಿ ತಾತ. ಹಗುರಾಗಿದ್ರೆ ಜೋರಾಗಿ ಓಡ್ತೈತೆ."

"ಎಲ್ಲಿ ಓಡ್ತಾ ಐತೆ?"

ಅವನು ನನ್ನನ್ನು ಒಂದು ಮಾತೂ ಕೇಳದೆ ಮೂಟೆಗಳನ್ನು ಡಿಕ್ಕಿಗೆ ಎತ್ತಿಹಾಕಿ, ಅವುಗಳ ಮೇಲೆ ತಾನೂ ಕೂತು, "ಈಗ ಬುಡ್ಲಾ" ಎಂದ. ಆ ಭಾರಕ್ಕೆ ಹಿಂದಿನ ಚಕ್ರಗಳು ನೆಲ ಕಚ್ಚಿದವು, ಕಾರು ಒಂದೇ ಉಸಿರಿಗೆ ಏರು ಹತ್ತಿತು. ಹತ್ತಿದ ಮೇಲೂ ಮುದುಕ ಇಳಿಯಲಿಲ್ಲ. ಇಳಿದದ್ದು ಹೊಸೂರಿನ ಮಾರ್ಕೆಟ್ಟಿನಲ್ಲೇ.

ಮಾರನೇ ದಿನ ಡಿಕ್ಕಿಯೊಳಗೆ ಮರಳಿನ ಮೂಟೆ ಬಿಗಿದು ಕಟ್ಟಿದೆ. ಕಾರಿನ ಮಾಲೀಕರು ನೋಡಿ, "ಇದನ್ನ ಎಲ್ಲಿ ಕಲಿತೆಯಪ್ಪಾ?" ಎಂದರು.

"ಫಾರಿನ್ ಪುಸ್ತಕದಲ್ಲಿ ಸಾರ್" ಎಂದೆ. ಅವರು ತಲೆದೂಗಿದರು. ಕೋಸು ಮಾರುವ ಮುದುಕ ಹೇಳಿಕೊಟ್ಟ ಎಂದಿದ್ದರೆ, ನಿಂತ ನಿಲುವಿನಲ್ಲೇ ಆ ಮೂಟೆ ತೆಗೆಸುತ್ತಿದ್ದರು.